ನಮ್ಮ ಹಿಂಡಿಗೆ ಕಸ ಅನಬ್ಯಾಡ್ರಿ

ಹೋದ ಸಲ ಹುಣಸಿಕಾಯಿ ತೊಕ್ಕು ಬರದಿದ್ದೆ, ಭಾಳ ಮಂದಿ ಫೋನ್ ಮಾಡಿ ಉಪ್ಪಿನ ಅಳತಿ ಕೇಳಿದ್ರಿ. ಅದನ್ನ ಮತ್ತೊಮ್ಮೆ ಬರೀತೀನಿ. ಇವತ್ತ ಅಡಗಿ ಮಾತಿಲ್ಲ. ಇವತ್ತ ನಂಗ ಸಿಟ್ಟು ಬಂದದ, ಅದು ಇಳಿಯೋದ್ರಾಗ ಬರದು ಮುಗಸಬೇಕು ಅಂತ ಮಧ್ಯಾಹ್ನದ ನಿದ್ದಿ ಬಿಟ್ಟು ಕೂತೀನಿ.

ಆಗಿದ್ದಿಷ್ಟು. ಸಂಕ್ರಾಂತಿ ಅರಿಷಿಣ-ಕುಂಕುಮಕ್ಕ ನಮ್ಮ ಓಣ್ಯಾಗ ಒಬ್ಬರ ಮನಿಗೆ ಹೋಗಿದ್ವಿ. ಕುಸುರೆಳ್ಳು ಕೊಟ್ಟು-ತಗೊಂಡು, ಉಡಿ ತುಂಬಿಸ್ಕೊಂಡು, ಇನ್ನೇನು ಏಳಬೇಕು ಅನ್ನೂದ್ರಾಗ ಒಬ್ಬ ಹುಡುಗಿ ಚೀಲದಾಗಿಂದ ಬಾಟ್ಲಿ ತಗದು ಸಾಲಾಗಿ ಇಟ್ಲು. ಭಾಂಡಿ ತಿಕ್ಕೋ ನೀರಿನಂಥಾ ಸಬಕಾರ. "ಕಾಕು, ಇದು ಕೆಮಿಕಲ್ ಅಲ್ರೀ, ಬ್ಯಾಕ್ಟೀರಿಯಾ ಮಾಡಿದ್ದು, ಪೂರಾ ನ್ಯಾಚುರಲ್. ಕಸದಿಂದ ತಯಾರಾಗ್ತದ" ಅಂದ್ಲು. ಕಸ ಅಂದ್ರ ಏನವಾ ಅಂತ ಕೇಳಿದೆ. "ಶೇಂಗಾ ಹಿಂಡಿ, ತೌಡು, ಕಾಕಂಬಿ, ಹಿಂಗ ಯಾರಿಗೂ ಬ್ಯಾಡಾದ ಸಾಮಾನು" ಅಂದ್ಲು. ಲೀಟರಿಗೆ 450 ರೂಪಾಯಿ. ಯಾರಿಗೂ ಬ್ಯಾಡಾದ ಸಾಮಾನಿನಿಂದ ಮಾಡಿದ್ದು ಇಷ್ಟು ತುಟ್ಟಿ ಯಾಕವಾ ಅಂದೆ. ಆಕಿ ನಕ್ಕು ಮುಂದಿನವ್ರ ಕಡೆ ತಿರುಗಿದ್ಲು. ನಾನೂ ಒಂದು ಬಾಟ್ಲಿ ತಗೊಂಡೆ ಅನ್ನೋದು ಬ್ಯಾರೆ ಮಾತು. ನಾಲ್ಕು ಮಂದಿ ತಗೊಂಡಾಗ ನಾ ಒಬ್ಬಾಕಿ ಹ್ಯಾಂಗ ಬಿಡ್ಲಿ?

ಯಾರಿಗೂ ಬ್ಯಾಡಾದ ಸಾಮಾನಂತ! ನನ್ನ ತವರುಮನಿ ಕಲಘಟಗಿ ಕಡೆ. ನಾ ಸಣ್ಣಾಕಿ ಇದ್ದಾಗ ಮನ್ಯಾಗ ನಾಲ್ಕು ಎಮ್ಮಿ. ಅಪ್ಪ ಶೇಂಗಾ ಗಾಣಕ್ಕ ಒಯ್ದ್ರ, ಬರೋವಾಗ ಡಬ್ಬ್ಯಾಗ ಎಣ್ಣಿ, ಚೀಲದಾಗ ಹಿಂಡಿ. ಎಣ್ಣಿ ಒಂದು ಸೇರು ಕಡಿಮಿ ಬಂದ್ರ ಅವ್ವ ಸುಮ್ನಿರ್ತಿದ್ಲು, ಹಿಂಡಿ ಬಿಟ್ಟು ಬಂದ್ರ ಅಪ್ಪನ್ನ ಒಳಗ ಬಿಡ್ತಿದ್ದಿಲ್ಲ. ಸಂಜಿಗೆ ಬಕೆಟ್ಟಿನ್ಯಾಗ ಹಿಂಡಿ ನೆನಸೂದು ನನ್ನ ಕೆಲಸ. ಬಿಸಿ ಹಿಂಡಿ ತುಂಡಿಗೆ ಬೆಲ್ಲಾ ಹಚ್ಚಿ ನಾವು ಹುಡುಗುರೂ ತಿಂದೀವಿ, ಎಮ್ಮಿ ಪಾಲಿನ್ಯಾಗ ಕದ್ದು. ಹಿಂಡಿ ಇಟ್ಟಷ್ಟು ಹಾಲು, ಹಾಲಿದ್ದಷ್ಟು ಬೆಣ್ಣಿ, ಬೆಣ್ಣಿ ಮಾರಿದಷ್ಟು ನನ್ನ ಪಿಯುಸಿ ಫೀ. ಅದಕ್ಕ ಈ ಹುಡುಗಿ ಕಸ ಅಂತಾಳ.

ಮುಂದಿನ ಐತವಾರ ನನ್ನ ತಂಗಿ ಮಗಳು ಬಂದಿದ್ಲು. ಆಕಿ ಎಮ್ಮೆಸ್ಸಿ ಮೈಕ್ರೋಬಯಾಲಜಿ ಓದ್ಲಿಕ್ಕತ್ಯಾಳ. ಬಾಟ್ಲಿ ತೋರಿಸಿದೆ. ಕೂಸಿಗೆ ಮಾರಿ ಅರಳ್ತು. "ಮೌಶಿ, ನನ್ನ ಪ್ರಾಜೆಕ್ಟೂ ಇದ ನೋಡು!" ಅಂದ್ಲು. ಎಂಥಾ ಪ್ರಾಜೆಕ್ಟು ಅಂದ್ರ, ಶೇಂಗಾ ಹಿಂಡಿ ಪುಡಿ ಮಾಡಿ, ನೀರಾಗ ಕಲಸಿ, ಅದರಾಗ ಬ್ಯಾಕ್ಟೀರಿಯಾ ಬೆಳಸಿ, ಅವು ಬಿಟ್ಟ ಸಬಕಾರದಂಥಾ ವಸ್ತು ತಗಿಯೂದು. ನಮ್ಮ ಮನಿ ಹುಡುಗಿನೂ ಹಿಂಡಿ ಮ್ಯಾಲೇ ಕಣ್ಣಿಟ್ಟಾಳ!

ಇರಲಿ. ಮೊದಲು ಏನು ಎತ್ತ ಅಂತ ತಿಳ್ಕೋಬೇಕಲ್ಲ, ತಿಳಕೊಂಡ ಮ್ಯಾಲೆ ಜಗಳಾ. ಆಕಿ ಹೇಳಿದ್ದು ನಾ ನನ್ನ ಮಾತಿನ್ಯಾಗ ಹೇಳ್ತೀನಿ.

ಸಬಕಾರದ ಒಂದೊಂದು ಕಣಕ್ಕೂ ಒಂದು ತಲಿ, ಒಂದು ಬಾಲ. ತಲಿಗೆ ನೀರು ಬೇಕು, ಬಾಲಕ್ಕ ಜಿಡ್ಡು ಬೇಕು. ಬಾಲ ಹೋಗಿ ಎಣ್ಣಿಗೆ ಚುಚ್ಚಿಕೋತದ, ತಲಿ ನೀರಿನ ಕಡೆ ಎಳೀತದ, ಜಿಡ್ಡು ತಾಟು ಬಿಟ್ಟು ಏಳ್ತದ. ನಮ್ಮ ಅಂಟವಾಳಕಾಯಿ, ಸೀಗಿಕಾಯಿ ನೊರಿ ಕೊಡೋದೂ ಇದ ಕಾರಣಕ್ಕ. ಗಿಡಾ ಮಾಡಿದ್ದನ್ನ ಬ್ಯಾಕ್ಟೀರಿಯಾನೂ ಮಾಡ್ತಾವ, ತಮ್ಮ ಹೊಟ್ಟಿಪಾಡಿಗೆ. ಎಣ್ಣಿ ನೀರಾಗ ಕರಗಂಗಿಲ್ಲ, ಹಿಂಗಾಗಿ ಎಣ್ಣಿ ತಿನ್ನೋ ಬ್ಯಾಕ್ಟೀರಿಯಾ ಅದನ್ನ ಮೊದಲು ಸಣ್ಣ ಸಣ್ಣ ಹನಿ ಮಾಡ್ಕೋಬೇಕು. ಇನ್ನ ಕೆಲವು ಹರದಾಡ್ಲಿಕ್ಕೆ, ಬಾಜೂದವನ್ನ ಓಡಸ್ಲಿಕ್ಕೆ ಇದನ್ನ ಬಿಡ್ತಾವ. ಹೊಸಾದೇನಲ್ಲ. 1949ರಾಗ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾದ್ದು ರಾಮ್ನೋಲಿಪಿಡ್ ಅಂತ ಬರದಿಟ್ರು. 1968ರಾಗ ಜಪಾನಿನವ್ರು ರಕ್ತ ಹೆಪ್ಪುಗಟ್ಟೂದನ್ನ ತಡಿಯೋ ಪದಾರ್ಥ ಹುಡುಕ್ಲಿಕ್ಕೆ ಹೋಗಿ, ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋದ್ರಾಗ ಸರ್ಫ್ಯಾಕ್ಟಿನ್ ಸಿಕ್ಕಿತು ಅಂದ್ರು. ನೀರಿನ ಮ್ಯಾಲಿನ ಬಿಗಿತ 72 ಇದ್ದದ್ದನ್ನ ಅದು 27ಕ್ಕ ಇಳಸ್ತದಂತ. ಮಗಳು ಇದನ್ನ ನನಗ ಅಡಗಿಮನ್ಯಾಗ ತೋರಿಸಿದ್ಲು. ಅಗಲ ತಾಟಿನ್ಯಾಗ ನೀರು ಹಾಕಿ, ಮ್ಯಾಲೆ ತೆಳ್ಳಗ ಎಣ್ಣಿ ಹರಡಿ, ನಡುವ ಒಂದು ಹನಿ ಸಬಕಾರ. ಫಟ್ ಅಂತ ಎಣ್ಣಿ ದಂಡಿಗೆ ಓಡಿ ನಡುವ ಬಯಲಾತು. ಲ್ಯಾಬಿನ್ಯಾಗ ಇವರು ಬ್ಯಾಕ್ಟೀರಿಯಾ ಬೆಳದ ನೀರಿನ ಹನಿ ಹಾಕ್ತಾರ, ಬಯಲು ಎಷ್ಟು ಅಗಲ ಆಗ್ತದ ಅಂತ ಪಟ್ಟಿ ಇಟ್ಟು ಅಳೀತಾರ. ನೀವೂ ಮಾಡಿ ನೋಡ್ರಿ, ಮಮ್ಮಕ್ಕಳು ಖುಷಿ ಪಡ್ತಾವ.

ಈಗ ಒಬ್ಬೊಬ್ಬರನ್ನ ವಿಚಾರಿಸ್ತೀನಿ.

ಮೊದಲು ನಮ್ಮ ವೈನಿ. "ಛೀ, ಬ್ಯಾಕ್ಟೀರಿಯಾ ಮಾಡಿದ ಸಬಕಾರದಿಂದ ದೇವರ ಭಾಂಡಿ ತಿಕ್ಕಲೇನು?" ಅಂತ ಆ ಬಾಟ್ಲಿ ಮುಟ್ಟಲಿಕ್ಕೂ ತಯಾರಿದ್ದಿಲ್ಲ. ವೈನಿ, ನೀವು ದಿನಾ ನೇವೇದ್ಯಕ್ಕ ಮೊಸರು ಇಡ್ತೀರಲ್ರೀ, ಅದು ಯಾರು ಮಾಡಿದ್ದು? ರಾತ್ರಿ ಇಡ್ಲಿ ಹಿಟ್ಟು ಉಬ್ಬಿಸಿದವ್ರು ಯಾರು? ಈ ಬ್ಯಾಸಿಲಸ್ ಸಬ್ಟಿಲಿಸ್ ಅಂತೂ ಮಣ್ಣಾಗ, ಹುಲ್ಲಿನ ಬಣಿವ್ಯಾಗ ಇರೋದು. ಜಪಾನಿನವ್ರು ಇದರಿಂದನ ಸೋಯಾ ಹುದುಗಿಸಿ ನ್ಯಾಟೊ ಅಂತ ತಿಂತಾರ, ಸಿಕ್ಕಿಂ ಕಡೆ ಕಿನೆಮಾ ಅಂತ ಪಲ್ಯಾ ಮಾಡ್ತಾರ. ಆ ಮಾತಿನ್ಯಾಗ ನಾ ಮಗಳ ಕಡೆ.

ಎರಡನೇದವ್ರು ನಮ್ಮ ವಾಟ್ಸಪ್ ಗುಂಪಿನ ಹುಶಾರ ಮಂದಿ. "ಬೆಲ್ಲ ಒಂದು ಪಾಲು, ಕಿತ್ತಳಿ ಸಿಪ್ಪಿ ಮೂರು ಪಾಲು, ನೀರು ಹತ್ತು ಪಾಲು, ಮೂರು ತಿಂಗಳು ಮುಚ್ಚಿಡ್ರಿ, ಬ್ಯಾಕ್ಟೀರಿಯಾ ಸಬಕಾರ ತಯಾರ" ಅಂತ ದಿನಾ ಬರ್ತದ. ನಾನೂ ಮಾಡೀನ್ರೀ. ನೆಲಾ ಒರಸ್ಲಿಕ್ಕೆ ಛಲೋ ಅದ, ಬಚ್ಚಲದ ಬಿಳಿ ಕಲೆ ಹೋಗ್ತಾವ. ಆದ್ರ ಅದು ಹುಳಿ ಕೆಲಸ, ನಿಂಬಿಹಣ್ಣು ತಾಮ್ರದ ತಂಬಗಿ ಬೆಳಗಿದಂಗ. ಅದರಾಗ ಸಬಕಾರ ಆಗೇದ ಅಂತ ಹೇಳಬ್ಯಾಡ್ರಿ. ಚಕ್ಕಲಿ ಕರದ ಬುಟ್ಟಿ ಅದ್ರಾಗ ತೊಳದು ನೋಡ್ರಿ, ಗೊತ್ತಾಗ್ತದ. ನನ್ನ ಬಾಟ್ಲಿ ಬಿರಡಿ ಬಿಗಿ ಆಗಿ ರಾತ್ರಿ ಎರಡಕ್ಕ ಢಂ ಅಂದು, ನಮ್ಮನಿಯವ್ರು ಕಳ್ಳರು ಬಂದ್ರು ಅಂತ ಬಡಿಗಿ ತಗೊಂಡು ಎದ್ದಿದ್ರು. ಅದು ನಗೋ ಮಾತು. ನಗಲಾರದ ಮಾತು ಬ್ಯಾರೆ ಅದ. ಎಣ್ಣಿ ತಿಂದು ಛಲೋ ರಾಮ್ನೋಲಿಪಿಡ್ ಕೊಡೋ ಸ್ಯೂಡೋಮೊನಾಸ್ ಏರುಗಿನೋಸಾ ಅಂತದಲ್ಲ, ಅದ ಜೀವಿ ಸುಟ್ಟ ಗಾಯಕ್ಕ ಸೇರಿ ಕೀವು ಮಾಡ್ತದ, ದವಾಖಾನ್ಯಾಗ ಅಶಕ್ತ ಇದ್ದವ್ರ ಪುಪ್ಪುಸಕ್ಕ ಇಳೀತದ. ಅದನ್ನ ಮನ್ಯಾಗ ಡಬ್ಬ್ಯಾಗ ಬೆಳಸ್ರಿ ಅಂತ ಯಾರಾದ್ರೂ ಹೇಳಿದ್ರ ಅವರ ನಂಬರ ಅಳಿಸಿ ಹಾಕ್ರಿ. ಯಾವ ಜೀವಿ ಬೆಳದದ ಅಂತ ಮೂಸಿ ನೋಡಿ ಹೇಳ್ಲಿಕ್ಕೆ ನಮಗ ಬರಂಗಿಲ್ಲ. ಇದು ಹಪ್ಪಳಾ ಶಂಡಿಗಿ ಅಲ್ಲ.

ಮೂರನೇದವ್ರ ಸಂಗಡ ನನ್ನ ಖರೇ ಜಗಳಾ. ಅಗ್ಗದ ಮೇವು ಅನ್ನೋವ್ರು. ಮಗಳು ಒಂದು ಕಟ್ಟು ಕಾಗದ ತಂದಿದ್ಲು, ಅದರಾಗ ಎಲ್ಲಾರೂ ಬರದದ್ದು ಅದ ಮಾತು: ಕಾಕಂಬಿ ಅಗ್ಗ, ಹಿಂಡಿ ಅಗ್ಗ, ತೌಡು ಅಗ್ಗ, ಹಾಲು ಒಡದ ನೀರು ಅಗ್ಗ, ಬಟಾಟಿ ಸಿಪ್ಪಿ ಅಗ್ಗ. ಅಗ್ಗ ಯಾರಿಗೆ? ಬಟಾಟಿ ಸಿಪ್ಪಿ, ಒಪ್ಕೋತೀನಿ. ಚಿಪ್ಸ್ ಮಾಡೋ ಕಾರ್ಖಾನಿ ಹಿಂದ ರಾಶಿ ಬಿದ್ದದ್ದು ಯಾರು ಒಯ್ದ್ರೇನು. ಹಾಲು ಒಡದ ನೀರು ದೊಡ್ಡ ಡೇರಿಯವ್ರು ಗಟಾರಕ್ಕ ಬಿಟ್ರ ಹಳ್ಳಾ ಕೆಡ್ತದ, ಅದನ್ನೂ ಒಯ್ಯಲಿ. ಹಿಂಡಿಗೆ, ತೌಡಿಗೆ ಹಂಗಲ್ಲ. ಅವನ್ನ ತಿನ್ನೋ ಬಾಯಿ ಈಗಾಗಲೇ ಅವ. ಆ ಬಾಯಿಗೆ ಮಾತು ಬರಂಗಿಲ್ಲ, ಅಷ್ಟ.

ನಾ ಸಣ್ಣಾಕಿ ಇದ್ದಾಗ ನಮ್ಮೂರ ಅಕ್ಕಿ ಗಿರಣ್ಯಾಗ ತೌಡು ಕೇಳೋವ್ರಿದ್ದಿಲ್ಲ, ಅಪ್ಪ ಚೀಲಗಟ್ಟಲೆ ಹೊತ್ತು ತರ್ತಿದ್ರು. ತೌಡಿನ ಎಣ್ಣಿ ತಗಿಯೋ ಕಾರ್ಖಾನಿ ಬಂದ್ವು, ತೌಡಿಗೆ ರೇಟು ಬಂತು. ಇವತ್ತ ನಮ್ಮ ಅಣ್ಣ ತೌಡನ್ನ ತೂಕಾ ಮಾಡಿ ರೊಕ್ಕಾ ಕೊಟ್ಟು ತರ್ತಾನ. ಕಾಕಂಬಿ ಕಥಿನೂ ಅದ. ಬೆಳಗಾವಿ ಕಡೆ ಸಕ್ರಿ ಕಾರ್ಖಾನ್ಯಾಗಿಂದ ಬರೋದು ಮೊದಲ ಡಿಸ್ಟಿಲರಿಗೆ ಹೋಗ್ತಿತ್ತು, ಪೆಟ್ರೋಲಿಗೆ ಎಥನಾಲ್ ಕಲಸೂದು ಹೆಚ್ಚಾದ ಮ್ಯಾಲಂತೂ ಅದಕ್ಕ ದೊಡ್ಡ ಗಿರಾಕಿ ಬಂದ್ರು. ಒಂದು ವಸ್ತು ಅಗ್ಗ ಇರೋದು ಅದನ್ನ ಕೊಳ್ಳೋ ಕಾರ್ಖಾನಿ ಬರೋತನಕ. ಬಂದ ಮ್ಯಾಲೆ ಅದು ತುಟ್ಟಿ ಆಗೋದು ಕಾರ್ಖಾನಿಗಲ್ಲ, ಕಾರ್ಖಾನಿಯವ್ರು ತಮ್ಮ ಮಾಲಿನ ರೇಟು ಏರಿಸ್ಕೋತಾರ. ಎರಡು ಎಮ್ಮಿ ಕಟ್ಟಿದಾಕಿ ಹಾಲಿನ ರೇಟು ಏರಿಸ್ಲಿಕ್ಕೆ ಹೋದ್ರ ನಾವ ಜಗಳಾ ತಗೀತೀವಿ.

ಮಗಳು ಸುಮ್ನಿರೋ ಪೈಕಿ ಅಲ್ಲ. "ಮೌಶಿ, ನನಗ ಬೇಕಾದದ್ದು ಇಪ್ಪತ್ತು ಗ್ರಾಂ ಹಿಂಡಿ. ನಿನ್ನ ಅಣ್ಣನ ಎಮ್ಮಿ ಉಪವಾಸ ಬೀಳಂಗಿಲ್ಲ" ಅಂದ್ಲು. ನೀ ಇಪ್ಪತ್ತು ಗ್ರಾಂನಾಗ ಪಾಸಾಗಿ ಪುಸ್ತಕದಾಗ ಹಿಂಡಿ ಛಲೋ ಅಂತ ಬರೀತಿ, ನಾಳೆ ಅದನ್ನ ಓದಿದಾಂವ ಇಪ್ಪತ್ತು ಟನ್ ತರಸ್ತಾನ, ಆವಾಗ? ಅಂತ ಕೇಳಿದೆ. ಸ್ವಲ್ಪ ಹೊತ್ತು ಅವಲಕ್ಕಿ ಕೈಯಾಗ ಹಿಡ್ಕೊಂಡು ಕೂತಳು. ಆಮ್ಯಾಲೆ ಆಕಿನ ಹೇಳಿದ್ಲು, ನಾ ಕೇಳಲಾರದ.

ಏನಂದ್ರ, ಈ ಸಬಕಾರ ತುಟ್ಟಿ ಆಗೋದು ಮೇವಿನಿಂದ ಅಲ್ಲಂತ! ಒಟ್ಟು ಖರ್ಚಿನ್ಯಾಗ ಕಚ್ಚಾ ಮಾಲಿನ ಪಾಲು ನೂರಕ್ಕ 10ರಿಂದ 30 ಅಂತ ಅವರ ಕಾಗದದಾಗನ ಬರದದ. ದೊಡ್ಡ ಪಾಲು, ಅರ್ಧಕ್ಕಿಂತ ಹೆಚ್ಚು, ಹೋಗೋದು ಆಮ್ಯಾಲೆ ಅದನ್ನ ಬ್ಯಾರೆ ಮಾಡೋದಕ್ಕ. ಬ್ಯಾಸಿಲಸ್ ಒಂದು ಲೀಟರ್ ನೀರಾಗ ಕೊಡೋದು ಗ್ರಾಂ ಲೆಕ್ಕದಾಗ. ಅದನ್ನ ಹಿಡೀಲಿಕ್ಕೆ ನೀರಿಗೆ ಆ್ಯಸಿಡ್ ಹಾಕ್ತಾರ, ಹಾಲಿಗೆ ನಿಂಬಿಹಣ್ಣು ಹಿಂಡಿದಂಗ, ಅದು ಒಡದು ಕೆಳಗ ಕೂಡ್ತದ. ಆಮ್ಯಾಲೆ ಸೋಸು, ತೊಳಿ, ಒಣಗಿಸು. ಬ್ಯಾಕ್ಟೀರಿಯಾಕ್ಕ ಗಾಳಿ ಬೇಕು ಅಂತ ಕೆಳಗಿಂದ ಗಾಳಿ ಊದ್ತಾರ, ಒಳಗ ಇರೋದು ಸಬಕಾರ, ಊದಿದ್ರ ಏನಾಗ್ತದ? ಹಾಲು ಉಕ್ಕಿದಂಗ ನೊರಿ ಉಕ್ಕಿ ಹೊರಗ ಬರ್ತದ. ಕೆಲವರು ಆ ಉಕ್ಕಿದ ನೊರಿನ ಹಿಡಕೊಂಡು ಅದರಾಗಿಂದ ಮಾಲು ತಗೀತಾರ, ಅದು ಶಾಣ್ಯಾತನ. ಇನ್ನ ಮೇವಿನ್ಯಾಗ ಹಿಂಡಿ ಚೂರು, ಬಣ್ಣ, ವಾಸನಿ ಎಲ್ಲಾ ಇದ್ರ ಸೋಸೋ ಖರ್ಚು ಮತ್ತಷ್ಟು ಏರ್ತದ. ಅಂದ್ರ ಹತ್ತು ರೂಪಾಯಿ ಮೇವು ಉಳಸ್ಲಿಕ್ಕೆ ಹೋಗಿ ಸೋಸೂದ್ರಾಗ ಇಪ್ಪತ್ತು ಕಳಕೊಂಡ್ರೂ ಆಶ್ಚರ್ಯ ಇಲ್ಲ. ಕಲ್ಲು ಇದ್ದ ಬ್ಯಾಳಿ ಅಗ್ಗ ಅಂತ ತಂದು ಮೂರು ತಾಸು ಆರಿಸಿಕೋತ ಕೂತ ಯಾರಿಗಾದ್ರೂ ಇದು ತಿಳೀತದ.

ಅದಕ್ಕ ನೋಡ್ರಿ, ಖರೇ ದೊಡ್ಡ ಪ್ರಮಾಣದಾಗ ಮಾಡೋವ್ರು ಏನು ಮಾಡ್ಯಾರ. ಎವೋನಿಕ್ ಅನ್ನೋ ಜರ್ಮನ್ ಕಂಪನಿ ಸ್ಲೊವಾಕಿಯಾ ದೇಶದಾಗ ರಾಮ್ನೋಲಿಪಿಡ್ ಕಾರ್ಖಾನಿ ಕಟ್ಟಿ 2024ರಾಗ ಶುರು ಮಾಡ್ತು. ಅವರು ಹಾಕೋದು ಗೊಂಜಾಳದ ಸಕ್ರಿ, ಕಸ ಅಲ್ಲ. ಕೀವು ಮಾಡೋ ಜೀವಿನ ಬಿಟ್ಟು ಅದರ ಬಳಗದ ಸಾಧು ಜೀವಿಗೆ ಈ ಕೆಲಸ ಕಲಿಸ್ಯಾರ. ಅದಕ್ಕೂ ಮೊದಲ 2019ರಾಗ ಚಿಲಿ ದೇಶದಾಗ ಯೂನಿಲಿವರಿನವ್ರು ಭಾಂಡಿ ತಿಕ್ಕೋ ಸಬಕಾರದಾಗ ಇದನ್ನ ಹಾಕಿ ಮಾರಿದ್ರು. ಅಂದ್ರ ಆಗೋ ಕೆಲಸ ಅದ. ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ. ಎಮ್ಮಿ ಮುಂದಿಂದ ಕಸಗೊಂಡು ಮಾಡಬೇಕಾಗಿಲ್ಲ ಅಂತೀನಿ.

ಹಂಗಾರ ಈ ಮಾತು ಯಾಕ ಬೇಕು, ಇದ್ದ ಸಬಕಾರ ಸಾಲದೇನು ಅಂತ ನಮ್ಮನಿಯವ್ರು ಕೇಳಿದ್ರು. ಗಂಡಸರು ಹಂಗ ಕೇಳಬೇಕು, ಭಾಂಡಿ ತಿಕ್ಕಿದ್ದಿಲ್ಲಲ್ಲ.

ನಮ್ಮನಿಗೆ ಭಾಂಡಿ ತಿಕ್ಕಲಿಕ್ಕೆ ಬರೋ ಅಕ್ಕನ ಕೈ ನೋಡೀರೇನು? ಐದು ಮನಿ ಕೆಲಸ. ಬೆರಳಿನ ಸಂದಿ ಒಡದು, ಚಳಿಗಾಲದಾಗ ರಕ್ತ ಜಿನಗತದ. ಸಾರಿಗೆ ಖಾರ ಅರದ್ರ ಉರೀತದ ಅಂತ ಮನ್ಯಾಗ ಅಡಗಿನೂ ಎಡಗೈಲೆ ಮಾಡ್ತಾಳ. ನಾವು ತರೋ ಅಗ್ಗದ ಪುಡಿ, ಮಹಿಳಾ ಸಂಘದಾಗ ಆ್ಯಸಿಡ್ ಸ್ಲರಿ, ಸೋಡಾ ಕಲಸಿ ಮಾಡೋ ನೀಲಿ ನೀರು, ಎಲ್ಲಾ ಜಿಡ್ಡು ತಗೀತಾವ, ಖರೆ. ತಾಟಿನ ಜಿಡ್ಡು ಯಾವುದು ಚರ್ಮದ ಜಿಡ್ಡು ಯಾವುದು ಅಂತ ಅವಕ್ಕ ಗೊತ್ತಾಗಂಗಿಲ್ಲ. ಬ್ಯಾಕ್ಟೀರಿಯಾದ್ದು ಕೈಗೆ ಅದಕ್ಕಿಂತ ಮೆತ್ತಗ ಇರ್ತದ, ಮಣ್ಣು ನೀರಿನ್ಯಾಗ ಲಗೂನ ಕರಗಿ ಹೋಗ್ತದ. ನನಗ ಇದು ಬೇಕಾಗಿರೋದು ಈ ಕೈ ಸಲುವಾಗಿ.

ನ್ಯಾಯದ ಮಾತು ಒಂದು ಹೇಳಬೇಕು. ಪೆಟ್ರೋಲಿಯಂ ಸಬಕಾರ ಎಲ್ಲಾ ರಾಕ್ಷಸ ಅಂತ ಹೇಳಿ ಮಾರೋವ್ರನ್ನೂ ನಂಬಬ್ಯಾಡ್ರಿ. 1950ರ ಸುಮಾರಿನ ಡಿಟರ್ಜೆಂಟಿನ ಬಾಲಕ್ಕ ಕವಲು ಇದ್ದವು, ನೀರಾಗಿನ ಜೀವಿಗೆ ತಿನ್ಲಿಕ್ಕೆ ಆಗ್ತಿದ್ದಿಲ್ಲ, ಅಮೆರಿಕಾ ಜರ್ಮನಿ ನದಿ ಮ್ಯಾಲೆ ನೊರಿ ತೇಲ್ತಿತ್ತು. 1960ರ ದಶಕದಾಗ ಅಲ್ಲಿಯವ್ರು ನೆಟ್ಟಗಿನ ಬಾಲದ್ದು ಮಾಡಿದ್ರು, ಅದು ಗಾಳಿ ಇದ್ದ ನೀರಾಗ ಕರಗತದ. ನಮ್ಮ ಬೆಂಗಳೂರು ಬೆಳ್ಳಂದೂರು ಕೆರಿ ನೊರಿ ರಸ್ತಾಕ್ಕ ಹಾರಿ ಬಂದು, 2015ರಾಗ ಅದಕ್ಕ ಬೆಂಕಿ ಹತ್ತಿದ್ದು ಟೀವ್ಯಾಗ ನೋಡಿದ್ವಲ್ಲ. ಅದು ಊರ ಹೊಲಸು ನೀರನ್ನ ಶುದ್ಧ ಮಾಡಲಾರದ ಕೆರಿಗೆ ಬಿಟ್ಟದ್ದರ ಫಲ. ಅಂಥಾ ಕೆರಿಗೆ ಯಾವ ನ್ಯಾಚುರಲ್ ಬಾಟ್ಲಿ ಸುರಿದ್ರೂ ಕೆರಿ ಉಳಿಯಂಗಿಲ್ಲ.

ಈಗ ಖರೇ ಕಸಕ್ಕ ಬರ್ತೀನಿ. ಅದು ನಮ್ಮ ಅಡಗಿಮನ್ಯಾಗನ ಅದ, ಕರದ ಎಣ್ಣಿ. ದೀಪಾವಳಿಗೆ ಚಕ್ಕಲಿ, ಶಂಕರಪಾಳಿ, ಕರ್ಚಿಕಾಯಿ ಕರದು ಉಳಿದ ಎಣ್ಣಿ ಏನು ಮಾಡ್ತೀರಿ? ನಾ ಹೇಳ್ತೀನಿ ನಾ ಏನು ಮಾಡ್ತಿದ್ದೆ ಅಂತ: ಎರಡು ಸಲ ಒಗ್ಗರಣಿಗೆ, ಆಮ್ಯಾಲೆ ಮೋರಿಗೆ. ಮೂವತ್ತು ವರ್ಷ ಮೋರಿಗೆ. ಪೈಪು ಕಟ್ಟಿ ಮಂದಿ ಕರಸಿ ತಗಸಿದಾಗ ಬಿಳಿ ಮೇಣದಂಥಾ ಗಡ್ಡಿ ಬಂತು, ನಾಚಿಕಿ ಆತು. ಹೋಟೆಲ್ಲಿನ ಎಣ್ಣಿ ಇನ್ನೂ ಕೆಟ್ಟ ಕಥಿ. ಕರ್ರಗಾದದ್ದು ಗಾಡಿಯವ್ರಿಗೆ ಹೋಗಿ ಮತ್ತ ಭಜಿ ಆಗಿ ನಮ್ಮ ಹೊಟ್ಟಿಗೇ ಬರ್ತದ. 2018ರಾಗ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣಿ ಕೆಟ್ಟಿದ್ದಕ್ಕ ಒಂದು ಅಳತಿ ಇಟ್ಟು, ನೂರಕ್ಕ 25 ಪಾಲು ದಾಟಿದ್ರ ಮತ್ತ ಬಳಸಂಗಿಲ್ಲ ಅಂತ ನಿಯಮಾ ಜಾರಿಗೆ ತಂತು. ಅಂಥಾ ಎಣ್ಣಿ ಕೂಡಿಸಿ ಬಯೋಡೀಸೆಲ್ ಮಾಡಬೇಕು ಅಂತ ಯೋಜನಾನೂ ತಂತು. ನಮ್ಮ ಓಣಿಗೆ ಯಾರೂ ಕ್ಯಾನು ಹಿಡ್ಕೊಂಡು ಬಂದದ್ದು ನಾ ನೋಡಿಲ್ಲ.

ಈ ಎಣ್ಣಿ ಬೆನ್ನು ಹತ್ರಿ ಅಂತ ಮಗಳಿಗೆ ಅಂದೆ. ಆಕಿ ಬ್ಯಾಸಿಲಸ್ಸಿಗೆ ಎಣ್ಣಿ ಒಗ್ಗಂಗಿಲ್ಲಂತ, ಅದಕ್ಕ ಹಿಟ್ಟು-ಸಕ್ರಿ ಬೇಕು. ಎಣ್ಣಿ ತಿನ್ನೋದು ಆ ಕೀವಿನ ಜೀವಿ, ಅದನ್ನ ಮುಟ್ಲಿಕ್ಕೆ ಅವರ ಲ್ಯಾಬಿನ್ಯಾಗ ಪರವಾನಗಿ ಇಲ್ಲ. ಆದ್ರ ಒಂದು ಈಸ್ಟ್ ಅದಂತ, ಮೊದಲು ಬಂಬಲ್ ಬೀ ಅನ್ನೋ ದುಂಬಿಯಂಥಾ ಹುಳದ ಜೇನಿನ್ಯಾಗ ಸಿಕ್ಕದ್ದು. ಅದಕ್ಕ ಅರ್ಧ ಸಕ್ರಿ ಅರ್ಧ ಎಣ್ಣಿ ಕೊಟ್ರ ಸೊಫೊರೊಲಿಪಿಡ್ ಅನ್ನೋ ಸಬಕಾರ ಕೊಡ್ತದ, ಅದೂ ಲೀಟರಿಗೆ ನೂರು ಗ್ರಾಂ ದಾಟಿ! ಮತ್ತ, ಅದ ಮುಖ್ಯ, ಅದು ನೀರಿಗಿಂತ ಭಾರ, ಕೆಳಗ ಕೂಡ್ತದ, ಬ್ಯಾರೆ ಮಾಡೋದು ಸುಲಭ. ಕರದ ಎಣ್ಣಿ ಹಾಕಿನೂ ಜನ ನೋಡ್ಯಾರ, ಬರ್ತದ. ಹಂಗಿದ್ರ ಹಿಂಡಿ ಯಾಕ ಹಿಡಕೊಂಡು ಕೂತೀಯವಾ ಅಂದ್ರ, "ಸರ್ ಕೊಟ್ಟ ವಿಷಯ ಮೌಶಿ" ಅಂದ್ಲು.

ಸರ್ ಅವ್ರಿಗೆ ನನ್ನ ನಮಸ್ಕಾರ. ಸರ್, ನಿಮ್ಮ ಮನ್ಯಾಗೂ ಕರದ ಎಣ್ಣಿ ಇರಬೇಕಲ್ರೀ? ಒಮ್ಮೆ ಅಡಗಿಮನಿಗೆ ಹೋಗಿ ನೋಡ್ರಿ. ಹಿಂಡಿ ಕಸ ಅಂತ ಬರಿಯೋಕಿಂತ ಮೊದಲು ಒಂದು ಸಲ ಯಾವುದಾದ್ರೂ ಗ್ವಾದಲಿ ಮುಂದ ನಿಂದರ್ರಿ.

ಬಾಟ್ಲಿ ಮಾತು ಉಳೀತು. ಮಗಳು ಕನ್ನಡಕ ಹಾಕ್ಕೊಂಡು ಹಿಂದಿನ ಸಣ್ಣಕ್ಷರ ಓದಿದ್ಲು. ಮೊದಲು ನೀರು. ಆಮ್ಯಾಲೆ ಸೋಡಿಯಂ ಲಾರೆಥ್ ಸಲ್ಫೇಟ್, ಅಂದ್ರ ಎಲ್ಲಾ ಸಾದಾ ಬಾಟ್ಲ್ಯಾಗ ಇರೋದ. ಆಮ್ಯಾಲೆ ಉಪ್ಪು, ಬಣ್ಣ, ವಾಸನಿ. ಕಟ್ಟಕಡೀಕ "ಬಯೋಸರ್ಫ್ಯಾಕ್ಟೆಂಟ್" ಅಂತ ಒಂದು ಶಬ್ದ, ಯಾವುದು, ಎಷ್ಟು, ಏನೂ ಇಲ್ಲ. ಪಾಯಸಕ್ಕ ಕೇಸರಿ ತೋರಿಸಿದಂಗ. ಹೋದ ಬುಧವಾರ ಆ ಹುಡುಗಿ ಸಿಕ್ಕಾಗ ಕೇಳಿದೆ. ಕಂಪನಿಯವ್ರನ್ನ ಕೇಳಿ ಹೇಳ್ತೀನಿ ಕಾಕು ಅಂದ್ಲು. ಪಾಪ, ಆಕಿಗೂ ಹೊಟ್ಟಿಪಾಡು, ಆಕಿ ಮ್ಯಾಲೆ ಸಿಟ್ಟಿಲ್ಲ. ನೀವು ನಾಲ್ಕೂ ಮಂದಿ ತಗೊಂಡೀರಿ, ನಿಮ್ಮ ಬಾಟ್ಲಿ ಹಿಂದೂ ಓದ್ರಿ, ಆಕಿನ್ನ ಕೇಳ್ರಿ. ಒಬ್ಬಾಕಿ ಕೇಳಿದ್ರ ಜಗಳಗಂಟಿ ಅಂತಾರ, ಐದು ಮಂದಿ ಕೇಳಿದ್ರ ಕಂಪನಿಗೆ ಫೋನ್ ಹೋಗ್ತದ.

ನಮ್ಮ ಹಿತ್ತಲದಾಗ ಐದು ಲೀಟರಿನ ಎರಡು ಕ್ಯಾನು ಇಟ್ಟೀನಿ, ಒಂದರ ಮ್ಯಾಲೆ ಅಳಕ ಇಟ್ಟೀನಿ. ಕರದ ಎಣ್ಣಿ ಆರಿಸಿ, ಸೋಸಿ ತಂದು ಹಾಕ್ರಿ. ನೀರು ಸೇರಿಸಬ್ಯಾಡ್ರಿ, ವಾಸನಿ ಬರ್ತದ. ತುಂಬಿದ ಮ್ಯಾಲೆ ಯಾರಿಗೆ ಕೊಡೋದು ಅಂತ ನಮ್ಮನಿಯವ್ರು ಪುರಸಭಾದಾಗ ವಿಚಾರಿಸ್ಲಿಕ್ಕೆ ಹೋಗ್ಯಾರ. ಒಂದು ಅರ್ಧ ಲೀಟರ್ ಮಾತ್ರ ಮಗಳಿಗೆ ಮೊದಲ ಕೊಟ್ಟು ಕಳಿಸೀನಿ, ಬಾಟ್ಲಿ ಮ್ಯಾಲೆ "ಚಕ್ಕಲಿ, ದೀಪಾವಳಿ" ಅಂತ ಚೀಟಿ ಹಚ್ಚಿ. ಸರ್ ಅವ್ರಿಗೆ ತೋರಸ್ತೀನಿ ಅಂದಾಳ. ಆಕಿ ಏನು ಹೇಳ್ತಾಳ ಅಂತ ತೊಕ್ಕಿನ ಅಳತಿ ಜೋಡಿ ಬರೀತೀನಿ.